ಕಡಲಿನ ಗಡಿಯಾರ ನೋಡಿಕೊಂಡು ಸ್ವರಾಜ್ ದ್ವೀಪದಲ್ಲಿ ನಾಲ್ಕು ರಾತ್ರಿ ಉಳಿಯುವುದು ಹೇಗೆ

ಅಂಡಮಾನಿಗೆ ಯಾವಾಗ ಹೋದರೆ ಒಳ್ಳೆಯದು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಅಡುಗೆಮನೆಯ ಗೋಡೆಯಲ್ಲಿರುವ ಕ್ಯಾಲೆಂಡರನ್ನು ಕೆಳಗಿಳಿಸಿ, ಮೊದಲು ತಿಥಿ ನೋಡಿ, ಆಮೇಲೆ ವಿಮಾನದ ದರ ನೋಡಿ. ಅಲ್ಲಿನ ಸ್ವರಾಜ್ ದ್ವೀಪದ (ಹಳೆಯ ಹೆಸರು ಹ್ಯಾವ್‌ಲಾಕ್) ಕಡಲಂಚಿನ ಕಾಟೇಜಿನಲ್ಲಿ ಉಳಿಯುವ ಸುಖ ಮುಕ್ಕಾಲು ಪಾಲು ನಿಂತಿರುವುದು ಚಂದ್ರನ ಮೇಲೆ. ಇದನ್ನು ನಾನು ಮೊದಲ ಸಲ ಹೋದಾಗ ತಿಳಿದಿರಲಿಲ್ಲ. ಫೋಟೋ ನೋಡಿ ಕಾಟೇಜ್ ಕಾಯ್ದಿರಿಸಿದ್ದೆವು. ಫೋಟೋದಲ್ಲಿ ಮೆಟ್ಟಿಲ ಬುಡಕ್ಕೆ ನೀಲಿ ನೀರು ಮುಟ್ಟುತ್ತಿತ್ತು. ನಾವು ತಲುಪಿದ್ದು ಹುಣ್ಣಿಮೆಯ ಮಾರನೆಯ ದಿನ, ಸಮುದ್ರ ಪೂರ್ತಿ ಇಳಿದ ಹೊತ್ತಿಗೆ. ಮೆಟ್ಟಿಲ ಮುಂದೆ ಕಣ್ಣು ಹಾಯುವಷ್ಟು ದೂರ ಬರೀ ಕಲ್ಲು, ಪಾಚಿ, ಅಲ್ಲಲ್ಲಿ ನಿಂತ ನೀರು. ನಮ್ಮ ಯಜಮಾನರು ಟವೆಲ್ ಹೆಗಲಿಗೆ ಹಾಕಿಕೊಂಡು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಕಾಟೇಜಿನವರು ಸುಳ್ಳು ಹೇಳಿರಲಿಲ್ಲ. ಫೋಟೋ ತೆಗೆದ ಹೊತ್ತು ಬೇರೆ, ನಾವು ಬಂದ ಹೊತ್ತು ಬೇರೆ.

ಅಲ್ಲಿಂದ ಇಲ್ಲಿಯವರೆಗೆ ಮತ್ತೆ ಮೂರು ಸಲ ಹೋಗಿದ್ದೇನೆ, ಎಲ್ಲವೂ ತಿಥಿ ನೋಡಿ. ನನಗೆ ಒಗ್ಗಿದ್ದು ಕೃಷ್ಣಪಕ್ಷದ ಅಷ್ಟಮಿಯಿಂದ ದ್ವಾದಶಿಯವರೆಗಿನ ದಿನಗಳು. ಕಾರಣ ಹೀಗಿದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಸಮುದ್ರ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಅಂಡಮಾನಿನಲ್ಲಿ ಆಗ ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು 2 ಮೀಟರ್ ವ್ಯತ್ಯಾಸವಿರುತ್ತದೆ. ಅಷ್ಟಮಿ ಕಳೆದ ಒಂದೆರಡು ದಿನ ಈ ವ್ಯತ್ಯಾಸ 1 ಮೀಟರಿಗಿಂತಲೂ ಕಡಿಮೆ. ನೀರು ತೀರ ದೂರ ಓಡುವುದಿಲ್ಲ, ಸೆಳೆತವೂ ಸೌಮ್ಯ. ಶುಕ್ಲಪಕ್ಷದ ಅಷ್ಟಮಿಯಲ್ಲೂ ಹೀಗೆಯೇ ಇರುತ್ತದೆ ಎನ್ನಬಹುದು. ನಿಜ, ಆದರೆ ಆಗ ಸಂಜೆಯಿಂದಲೇ ಚಂದ್ರ ತಲೆಯ ಮೇಲಿರುತ್ತಾನೆ. ಕೃಷ್ಣಪಕ್ಷದಲ್ಲಿ ಚಂದ್ರ ಏಳುವಷ್ಟರಲ್ಲಿ ನಡುರಾತ್ರಿ ಸಮೀಪಿಸಿರುತ್ತದೆ. ಸಂಜೆಯಿಂದ ಅಲ್ಲಿಯವರೆಗೆ ಗಟ್ಟಿ ಕತ್ತಲೆ. ಆ ಕತ್ತಲೆ ಏಕೆ ಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ತಿಂಗಳ ವಿಚಾರ ಸುಲಭ. ನೈಋತ್ಯ ಮುಂಗಾರು ನಮ್ಮ ಕರಾವಳಿಗಿಂತ ಮೊದಲು, ಮೇ ತಿಂಗಳಲ್ಲಿಯೇ ಅಂಡಮಾನನ್ನು ಮುಟ್ಟುತ್ತದೆ. ಅದು ಹಿಂದೆ ಸರಿಯುವ ಹೊತ್ತಿಗೆ ಈಶಾನ್ಯದ ಮಳೆ ಬರುತ್ತದೆ. ಫೆಬ್ರುವರಿಯಿಂದ ಏಪ್ರಿಲ್ ಮಧ್ಯದವರೆಗೆ ಸಮುದ್ರ ಶಾಂತವಾಗಿ, ನೀರು ತಿಳಿಯಾಗಿ ಇರುತ್ತದೆ. ಡಿಸೆಂಬರಿನ ಕೊನೆಯ ವಾರ ಜನಜಂಗುಳಿ. ನಾನಂತೂ ಆ ವಾರ ಹೋಗುವುದಿಲ್ಲ.

ಸ್ಥಳದ ಹೆಸರುಗಳಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ಹ್ಯಾವ್‌ಲಾಕ್ ಎಂದು ಎಲ್ಲರೂ ಕರೆಯುತ್ತಿದ್ದ ದ್ವೀಪಕ್ಕೆ 2018ರ ಡಿಸೆಂಬರ್ 30ರಂದು ಸ್ವರಾಜ್ ದ್ವೀಪ ಎಂದು ಹೆಸರಿಡಲಾಯಿತು. 1943ರ ಅದೇ ದಿನ ನೇತಾಜಿ ಸುಭಾಷ್‌ಚಂದ್ರ ಬೋಸರು ಪೋರ್ಟ್ ಬ್ಲೇರಿನಲ್ಲಿ ಧ್ವಜ ಹಾರಿಸಿದ್ದರು. ಆ ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ ಆಗಿದೆ. ಟಿಕೆಟ್‌ಗಳ ಮೇಲೆ ಹಳೆಯ ಹೆಸರು, ಹೊಸ ಹೆಸರು ಎರಡೂ ಕಾಣಬಹುದು. ದ್ವೀಪದ ಒಳಗೆ ಇನ್ನೊಂದು ಲೆಕ್ಕವಿದೆ. ದೇಶ ವಿಭಜನೆಯ ನಂತರ, 1950ರ ದಶಕದಲ್ಲಿ, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ಇಲ್ಲಿ ನೆಲೆಗೊಂಡವು. ಅವರ ಹಳ್ಳಿಗಳಿಗೆ ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ ಎಂದು ಹೆಸರು. ಆದರೆ ಮಾತಿನಲ್ಲಿ ಎಲ್ಲವೂ ನಂಬರು. ಮಾರುಕಟ್ಟೆ ಇರುವುದು ಮೂರನೇ ನಂಬರ್, ವಿಜಯನಗರ ಐದನೇ ನಂಬರ್, ರಾಧಾನಗರ ಏಳನೇ ನಂಬರ್. ಆಟೋದವರಿಗೆ ನಂಬರ್ ಹೇಳಿದರೆ ಸಾಕು.

ಕಾಟೇಜ್ ಎಲ್ಲಿ ಹಿಡಿಯಬೇಕು ಎಂಬ ಪ್ರಶ್ನೆಯಲ್ಲಿ ಹೊಸಬರು ಹೆಚ್ಚು ಎಡವುತ್ತಾರೆ. ರಾಧಾನಗರದ ಕಡಲತೀರ ಪ್ರಸಿದ್ಧ, ಆದ್ದರಿಂದ ಅಲ್ಲೇ ಇರಬೇಕು ಎಂದು ಹಟ ಹಿಡಿಯುತ್ತಾರೆ. ಅಗ್ಗದ, ಸರಳ ಬಿದಿರಿನ ಕಾಟೇಜುಗಳು ಹೆಚ್ಚಾಗಿ ಇರುವುದು ಪೂರ್ವದ ದಂಡೆಯಲ್ಲಿ, ಮೂರನೇ ನಂಬರಿನಿಂದ ಐದನೇ ನಂಬರಿನವರೆಗೆ. ಪೂರ್ವದ ದಂಡೆಯಲ್ಲಿ ಉಳಿಯಿರಿ, ಪಶ್ಚಿಮದ ದಂಡೆಗೆ ಹೋಗಿಬನ್ನಿ. ಬೆಳಿಗ್ಗೆ ಹಾಸಿಗೆಯಿಂದಲೇ ಸೂರ್ಯೋದಯ ಸಿಗುತ್ತದೆ, ಹೋಟೆಲು, ಡೈವಿಂಗ್ ಶಾಲೆ, ಔಷಧಿ ಅಂಗಡಿ ಎಲ್ಲವೂ ಹತ್ತಿರ. ಜೆಟ್ಟಿಯಿಂದ ರಾಧಾನಗರಕ್ಕೆ ಸುಮಾರು 12 ಕಿಲೋಮೀಟರ್ ದಾರಿ. ಸರ್ಕಾರಿ ಬಸ್ಸೂ ಓಡುತ್ತದೆ, ಬಾಡಿಗೆ ಸ್ಕೂಟರೂ ಸಿಗುತ್ತದೆ.

ಕಾಟೇಜಿನವರಿಗೆ ಫೋನ್ ಮಾಡಿದಾಗ ಕೊಠಡಿಯ ಬಣ್ಣ, ಟಿವಿ ಕೇಳಬೇಡಿ. ಪೂರ್ತಿ ಇಳಿತದಲ್ಲಿ ನಿಮ್ಮ ಮುಂದೆ ನೀರು ಎಷ್ಟು ದೂರ ಹೋಗುತ್ತದೆ, ಆಗ ಈಜಲು ಎಲ್ಲಿ ಹೋಗಬೇಕು ಎಂದು ಕೇಳಿ. ಈ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರನ್ನು ನಂಬಬಹುದು. ಕರೆಂಟು ಹೋದರೆ ರಾತ್ರಿ ಫ್ಯಾನ್ ತಿರುಗುತ್ತದೆಯೇ, ಜನರೇಟರ್ ಇರುವುದು ಯಾವ ಮೂಲೆಯಲ್ಲಿ ಎಂದು ಕೇಳಿ. ದ್ವೀಪದ ವಿದ್ಯುತ್ತು ಡೀಸೆಲ್ ನಂಬಿಕೊಂಡದ್ದು, ಆಗಾಗ ಹೋಗುತ್ತದೆ. ಜನರೇಟರಿನ ಪಕ್ಕದ ಕಾಟೇಜ್ ಸಿಕ್ಕಿದರೆ ಅಲೆಯ ಸದ್ದು ಕೇಳಿಸುವುದಿಲ್ಲ. ಸೊಳ್ಳೆ ಪರದೆ ಹರಿದಿದೆಯೇ ಎಂದೂ ವಿಚಾರಿಸಿ, ನಾಚಿಕೊಳ್ಳಬೇಡಿ. ಇದರ ಮೇಲೂ ಸೂಜಿದಾರ ಇಟ್ಟುಕೊಂಡು ಹೋಗುವವಳು ನಾನು, ಎರಡು ಸಲ ಬಳಕೆಗೆ ಬಂದಿದೆ. ಎಸಿ ಇರುವ ಸಿಮೆಂಟಿನ ಕೋಣೆಗಿಂತ ಕಂಬದ ಮೇಲೆ ನಿಂತ ಬಿದಿರಿನ ಕಾಟೇಜ್ ನನಗೆ ಇಷ್ಟ. ನೆಲದ ಸೀಳುಗಳಿಂದ ಗಾಳಿ ಮೇಲೆ ಬರುತ್ತದೆ, ಮಧ್ಯಾಹ್ನವೂ ತಂಪು. ವಯಸ್ಸಾದವರು ಜೊತೆಗಿದ್ದರೆ ಮೆಟ್ಟಿಲು ಎಷ್ಟು ಕಡಿದು ಎಂಬುದನ್ನೂ ಕೇಳಿ. ನಮ್ಮ ಅತ್ತಿಗೆಗೆ ಮಂಡಿನೋವು, ಏಣಿಯಂತಹ ಮೆಟ್ಟಿಲು ಹತ್ತಿಳಿಯುವುದೇ ಅವರಿಗೆ ದೊಡ್ಡ ಕಷ್ಟವಾಯಿತು.

ತಲುಪುವ ದಾರಿ: ಶ್ರೀ ವಿಜಯಪುರಂವರೆಗೆ ವಿಮಾನ, ಅಲ್ಲಿಂದ ಹಡಗು. ಸರ್ಕಾರಿ ಹಡಗು ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತದೆ, ಸುಮಾರು ಎರಡೂವರೆ ಗಂಟೆ. ಖಾಸಗಿ ವೇಗದ ಹಡಗುಗಳು ಹಡ್ಡೊ ಕಡೆಯಿಂದ ಹೊರಟು ಇನ್ನೂ ಬೇಗ ಮುಟ್ಟಿಸುತ್ತವೆ, ಆದರೆ ಗಾಜಿನೊಳಗೆ ಕೂತಿರಬೇಕು. ಸರ್ಕಾರಿ ಹಡಗಿನಲ್ಲಿ ಡೆಕ್ಕಿನ ಮೇಲೆ ನಿಂತು ಗಾಳಿ ಕುಡಿಯಬಹುದು, ಹಾರುಮೀನು ನೀರಿನಿಂದ ಎದ್ದು ತೇಲುವುದನ್ನು ನೋಡಬಹುದು. ಹೊಟ್ಟೆ ತೊಳೆಸುವವರು ಹೊರಡುವ ಅರ್ಧ ಗಂಟೆ ಮೊದಲೇ ಮಾತ್ರೆ ನುಂಗಬೇಕು. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಉಪಯೋಗವಿಲ್ಲ. ಫೋಟೋ ಇರುವ ಗುರುತಿನ ಚೀಟಿ ಎಲ್ಲರ ಕೈಯಲ್ಲೂ ಇರಲಿ. ಊರಿಗೆ ಮರಳುವ ವಿಮಾನಕ್ಕೂ ದ್ವೀಪದಿಂದ ಬರುವ ಹಡಗಿಗೂ ನಡುವೆ ಒಂದು ರಾತ್ರಿ ಬಿಡುವು ಇಟ್ಟುಕೊಳ್ಳಿ. ಗಾಳಿ ಎದ್ದರೆ ಹಡಗು ರದ್ದಾಗುತ್ತದೆ, ಆಗ ಯಾರನ್ನು ಬೇಡಿಕೊಂಡರೂ ಫಲವಿಲ್ಲ.

ಗಡಿಯಾರದ ವಿಷಯ ಈಗ ಹೇಳಬೇಕು. ಸ್ವರಾಜ್ ದ್ವೀಪವೂ ಮೈಸೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಎರಡೂ 12 ಡಿಗ್ರಿಯ ಆಸುಪಾಸು. ಆದರೆ ದ್ವೀಪ ಎಷ್ಟೋ ಪೂರ್ವಕ್ಕಿದೆ. ಅಲ್ಲಿ ಸೂರ್ಯ ಮೈಸೂರಿಗಿಂತ ಒಂದು ಗಂಟೆಗೂ ಹೆಚ್ಚು ಮೊದಲು ಹುಟ್ಟಿ ಮೊದಲು ಮುಳುಗುತ್ತಾನೆ. ಕೈಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಸೂರ್ಯ ನೀರಿಗಿಳಿದಿರುತ್ತಾನೆ, ಆರಕ್ಕೆ ಪೂರ್ತಿ ಕತ್ತಲೆ. ಊರಿನ ಅಭ್ಯಾಸದಂತೆ ಎಂಟಕ್ಕೆ ಎದ್ದು, ಹತ್ತಕ್ಕೆ ತಿಂಡಿ ತಿಂದು, ನಾಲ್ಕೂವರೆಗೆ ರಾಧಾನಗರಕ್ಕೆ ಹೊರಡುವವರು ದಾರಿಯಲ್ಲೇ ಸೂರ್ಯಾಸ್ತ ಕಳೆದುಕೊಳ್ಳುತ್ತಾರೆ. ಮಾರ್ಚಿನಲ್ಲಿ ಬೆಳಿಗ್ಗೆ ಐದೂಕಾಲು, ಐದೂವರೆಗೆಲ್ಲ ಬೆಳಕು. ಆಗಲೇ ಏಳಿ. ರಾತ್ರಿ ಎಂಟೂವರೆಗೆ ಮಲಗಿದರೆ ಅದು ತಾನಾಗಿಯೇ ಆಗುತ್ತದೆ.

ಸೂರ್ಯನದು ಒಂದು ಮುಳ್ಳಾದರೆ ಉಬ್ಬರವಿಳಿತದ್ದು ಇನ್ನೊಂದು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತವೆ. ಸರ್ವೆ ಆಫ್ ಇಂಡಿಯಾ ವರ್ಷವರ್ಷವೂ ಕೋಷ್ಟಕ ಪ್ರಕಟಿಸುತ್ತದೆ, ಮೊಬೈಲಿನಲ್ಲೂ ಸಮಯ ಸಿಗುತ್ತದೆ, ಡೈವಿಂಗ್ ಶಾಲೆಯ ಹಲಗೆಯ ಮೇಲೂ ಬರೆದಿರುತ್ತಾರೆ. ಆದರೂ ತಲುಪಿದ ದಿನ ಒಂದು ಕೆಲಸ ನೀವೇ ಮಾಡಿ. ನೀರು ಮುಟ್ಟುವ ಗೆರೆಯಲ್ಲಿ ಒಂದು ಕಡ್ಡಿ ನೆಡಿ. ಚಹಾ ಕುಡಿದು ಒಂದು ಗಂಟೆಯ ನಂತರ ಹೋಗಿ ನೋಡಿ. ಕಡ್ಡಿ ನೀರಿನೊಳಗಿದೆಯೋ ಒಣಗಿದ ಮರಳಿನಲ್ಲಿದೆಯೋ, ನೀರು ಎಷ್ಟು ಹೆಜ್ಜೆ ಸರಿದಿದೆಯೋ ಎಣಿಸಿ. ಅಕ್ಕನ ಮಗಳಿಗೆ ಆಗ ಹನ್ನೆರಡು ವರ್ಷ. ನಾಲ್ಕು ಕಡ್ಡಿ ನೆಟ್ಟು, ಪುಸ್ತಕದ ಹಿಂದಿನ ಹಾಳೆಯಲ್ಲಿ ಹೊತ್ತು ಬರೆದುಕೊಂಡಳು. ಎರಡನೇ ದಿನ ಮಧ್ಯಾಹ್ನ "ಚಿಕ್ಕಮ್ಮ, ಇನ್ನು ಮುಕ್ಕಾಲು ಗಂಟೆ ಬಿಟ್ಟು ಹೋಗೋಣ, ನೀರು ಬರುತ್ತದೆ" ಎಂದಳು. ಹಾಗೆಯೇ ಬಂತು.

ದಿನವನ್ನು ಹೀಗೆ ಹಂಚಿಕೊಳ್ಳಿ: ನೀರು ತುಂಬಿದ ಹೊತ್ತು ಮೀಯುವುದಕ್ಕೆ, ಇಳಿದ ಹೊತ್ತು ನೋಡುವುದಕ್ಕೆ. ಐದನೇ ನಂಬರಿನ ದಂಡೆಯಲ್ಲಿ ಉಬ್ಬರಕ್ಕೆ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ ಸೊಂಟ, ಎದೆಮಟ್ಟ ನೀರು, ಅಲೆಯೇ ಇಲ್ಲ ಎನ್ನುವಷ್ಟು ಸಮಾಧಾನ. ಈಜು ಬಾರದವರು, ಮಕ್ಕಳು ಇಲ್ಲೇ ಕೂತು ಮೀಯಲಿ. ದಂಡೆಯ ಮೇಲೆ ಸಮುದ್ರ ಮಹುವಾ ಮರಗಳು ನೀರಿನ ಕಡೆಗೆ ಬಾಗಿ ನಿಂತಿವೆ, ಕೊಂಬೆಗಳ ನೆರಳು ನೀರಿನವರೆಗೂ ಬರುತ್ತದೆ.

ಇಳಿತದ ಹೊತ್ತು ವ್ಯರ್ಥವೆಂದು ಮೊದಲ ಸಲ ನಾನು ಕೋಣೆಯಲ್ಲಿ ಕೂತೆ. ಈಗ ಅದೇ ನನಗೆ ಹೆಚ್ಚು ಪ್ರಿಯ. ನೀರು ಹಿಂದೆ ಸರಿದ ಹತ್ತೇ ನಿಮಿಷದಲ್ಲಿ ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು ಮೂಡತೊಡಗುತ್ತವೆ. ಹತ್ತಿರ ಹೋದರೆ ಏನೂ ಕಾಣುವುದಿಲ್ಲ. ಕೂತು, ಉಸಿರು ಹಿಡಿದು, ಎರಡು ನಿಮಿಷ ಅಲುಗಾಡದೆ ಇರಬೇಕು. ಆಗ ಒಂದು ಚಿಕ್ಕ ತೂತಿನಿಂದ ಬೆರಳ ಉಗುರಿನಷ್ಟಿನ ಏಡಿ ಹೊರಗೆ ಬರುತ್ತದೆ. ಎರಡೂ ಚಿಮುಟಗಳಿಂದ ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿರುವ ಆಹಾರವನ್ನು ಸೋಸಿಕೊಂಡು, ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದಕ್ಕೆ ಎಸೆಯುತ್ತದೆ. ತೂತಿನಿಂದ ಹೊರಗೆ ಒಂದು ಗೆರೆ ಹಿಡಿದು ನಡೆದು, ಮರಳಿ ಬಂದು, ಪಕ್ಕದಲ್ಲಿ ಇನ್ನೊಂದು ಗೆರೆ ಹಿಡಿಯುತ್ತದೆ. ಒಂದು ಗಂಟೆಯಲ್ಲಿ ಆ ಉಂಡೆಗಳ ಸಾಲು ಸೂರ್ಯನ ಕಿರಣದಂತೆ ಹರಡಿಕೊಂಡು ಮರಳಿನ ಮೇಲೆ ರಂಗೋಲಿ. ಉಬ್ಬರ ಬಂದು ಅಳಿಸುತ್ತದೆ, ಮತ್ತೆ ಇಳಿತಕ್ಕೆ ಹೊಸದು. ನಮ್ಮ ಅತ್ತಿಗೆ ಪ್ರತಿದಿನ ಬಾಗಿಲಿಗೆ ರಂಗೋಲಿ ಹಾಕುವವರು. ಅವರು ಕುರ್ಚಿ ತರಿಸಿಕೊಂಡು ಒಂದೂವರೆ ಗಂಟೆ ಅಲ್ಲಿಯೇ ಕೂತಿದ್ದರು.

ಇಳಿತದಲ್ಲಿ ಕಲ್ಲುಗಳ ಮೇಲೆ ನಡೆಯುವುದಾದರೆ ಗಟ್ಟಿ ಅಡಿಯ ರಬ್ಬರ್ ಶೂ ಬೇಕೇಬೇಕು, ಹವಾಯಿ ಚಪ್ಪಲಿ ಸಾಲದು. ಬಣ್ಣ ಇರುವ, ಜೀವ ಇರುವ ಹವಳದ ಮೇಲೆ ಕಾಲಿಡಬೇಡಿ. ಒಂದು ಅಂಗೈಯಷ್ಟು ಬೆಳೆಯಲು ಅದಕ್ಕೆ ವರ್ಷಗಳು ಬೇಕು. 2010ರಲ್ಲಿ ಕಡಲ ನೀರು ಬಿಸಿಯಾಗಿ ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತು, 2016ರಲ್ಲಿ ಮತ್ತೊಮ್ಮೆ. ಉಳಿದಿರುವುದನ್ನು ನಮ್ಮ ಹಿಮ್ಮಡಿಯಿಂದ ಒಡೆಯುವುದು ಬೇಡ. ಹವಳ ತರಚಿದ ಗಾಯ ಬೇಗ ಕೀವಾಗುತ್ತದೆ. ಕೂಡಲೇ ಶುದ್ಧ ನೀರು, ಸೋಪಿನಿಂದ ಚೆನ್ನಾಗಿ ಉಜ್ಜಿ ತೊಳೆದು ಔಷಧಿ ಹಚ್ಚಿ. ದ್ವೀಪದ ಆರೋಗ್ಯ ಕೇಂದ್ರ ಚಿಕ್ಕದು, ದೊಡ್ಡ ತೊಂದರೆಗೆ ಶ್ರೀ ವಿಜಯಪುರಂಗೆ ಹೋಗಬೇಕು.

ಇಲ್ಲಿನ ನಿಜವಾದ ಕಾಟ ಮರಳುನೊಣ. ಸೊಳ್ಳೆಗಿಂತ ಚಿಕ್ಕದು, ಕಚ್ಚಿದ್ದು ಗೊತ್ತಾಗುವುದು ಮಾರನೆಯ ದಿನ, ತುರಿಕೆ ವಾರವಿಡೀ. ಮುಂಜಾನೆ ಮತ್ತು ಮುಸ್ಸಂಜೆ ಒದ್ದೆ ಮರಳಿನ ಮೇಲೆ ಬರಿಮೈಯಲ್ಲಿ ಕೂರಬೇಡಿ, ಮಲಗಲೇಬೇಡಿ. ದಪ್ಪ ಬಟ್ಟೆ ಹಾಸಿ ಅಥವಾ ಕುರ್ಚಿ ಹಾಕಿಕೊಳ್ಳಿ. ಕಾಲಿಗೆ, ಕೈಗೆ ಕೊಬ್ಬರಿ ಎಣ್ಣೆ ದಪ್ಪಗೆ ಸವರಿಕೊಳ್ಳುವುದು ಅಲ್ಲಿಯವರ ಉಪಾಯ, ನಮಗೂ ಒಗ್ಗಿತು. ಕಚ್ಚಿದ ಮೇಲೆ ಎಷ್ಟೇ ತುರಿಸಿದರೂ ಉಗುರು ತಾಗಿಸಬೇಡಿ.

ಊಟದ ವಿಷಯದಲ್ಲಿ ಒಂದೇ ಉಪದೇಶ: ಹಸಿವಾಗುವ ಮೊದಲೇ ಹೇಳಿಬಿಡಿ. ಕಾಟೇಜಿನ ಅಡುಗೆಮನೆ ಚಿಕ್ಕದು, ಹೇಳಿದ ಮೇಲೆ ಒಲೆ ಹೊತ್ತಿಸುತ್ತಾರೆ, ಮುಕ್ಕಾಲು ಗಂಟೆ ಸಾಮಾನ್ಯ. ಸಮುದ್ರಕ್ಕೆ ಇಳಿಯುವ ಮೊದಲು ಊಟ ಹೇಳಿ ಹೋದರೆ ಮೈ ಒರೆಸಿಕೊಂಡು ಬರುವ ಹೊತ್ತಿಗೆ ಅನ್ನ ಬಿಸಿಯಾಗಿರುತ್ತದೆ. ಮೀನು ಅಲ್ಲಿಯದೇ, ತಾಜಾ. ತರಕಾರಿಯಲ್ಲಿ ಬಹುಪಾಲು ಹಡಗಿನಲ್ಲಿ ಬಂದದ್ದು, ಆದ್ದರಿಂದ ದುಬಾರಿ. ಸಸ್ಯಾಹಾರಿಗಳಿಗೆ ಮೂರನೇ ನಂಬರಿನ ಮಾರುಕಟ್ಟೆಯ ಬಂಗಾಳಿ ಹೋಟೆಲುಗಳಲ್ಲಿ ಅನ್ನ, ಬೇಳೆ, ಪಲ್ಯ ಧಾರಾಳ ಸಿಗುತ್ತದೆ. ಸಾಸಿವೆ ಎಣ್ಣೆಯ ಘಾಟು ಒಗ್ಗದಿದ್ದರೆ ಮೊದಲೇ ಹೇಳಿ. ನಾವು ಉಳಿದ ಕಾಟೇಜಿನ ಬೌದಿ (ಅತ್ತಿಗೆ ಎಂಬುದಕ್ಕೆ ಬಂಗಾಳಿ ಮಾತು, ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು) ನಮ್ಮ ಅತ್ತಿಗೆಗೆ ತೆಂಗಿನಕಾಯಿ ಕೊಟ್ಟು ಅಡುಗೆಮನೆಗೇ ಕರೆದರು. ಇವರಿಗೆ ಬಂಗಾಳಿ ಬಾರದು, ಅವರಿಗೆ ಕನ್ನಡ ಬಾರದು, ಅರ್ಧಂಬರ್ಧ ಹಿಂದಿಯಲ್ಲಿ ಹುಳಿ ತಯಾರಾಯಿತು. ಕಾಟೇಜಿನ ಸುತ್ತ ಅಡಿಕೆ ಮರ, ತೆಂಗು. ಅಡಿಕೆ ತೋಟದ ನಡುವೆ ಬೆಳೆದ ನನಗೆ ಬೆಳಿಗ್ಗೆ ಬಿದ್ದ ಸೋಗೆಯ ಸದ್ದಿಗೆ ಎಚ್ಚರವಾದಾಗ ಒಂದು ಕ್ಷಣ ಊರಿನಲ್ಲೇ ಇದ್ದೇನೆ ಎನ್ನಿಸಿತು, ಆಮೇಲೆ ಅಲೆ ಕೇಳಿಸಿತು. ಅಂದಹಾಗೆ, ತೂಗುಬಲೆ ಕಟ್ಟುವಾಗ ಮೇಲೆ ನೋಡಿ. ತೆಂಗಿನ ಮರದ ಕೆಳಗೆ ಬೇಡ.

ಕಿಟಕಿಯ ಬಿದಿರಿನ ಮೇಲೆ ಎಳೆಬಾಳೆಯ ಹಸಿರು ಬಣ್ಣದ, ಬೆನ್ನಿನ ಮೇಲೆ ಕೆಂಪು ಚುಕ್ಕೆಗಳಿರುವ ಹಲ್ಲಿ ಕಂಡರೆ ಓಡಿಸಬೇಡಿ. ಅದು ಅಂಡಮಾನಿನ ಹಗಲು ಹಲ್ಲಿ, ಈ ದ್ವೀಪಗಳನ್ನು ಬಿಟ್ಟು ಬೇರೆಲ್ಲೂ ಹುಟ್ಟುವುದಿಲ್ಲ. ನಮ್ಮ ಮನೆಯ ಹಲ್ಲಿಯಂತೆ ರಾತ್ರಿಯಲ್ಲ, ಹಗಲಿನಲ್ಲಿ ಓಡಾಡುತ್ತದೆ.

ಒಂದು ಮಧ್ಯಾಹ್ನ ರಾಧಾನಗರಕ್ಕೆ ಇಡಿ. ಎರಡೂವರೆಗೆ ಹೊರಡಿ. ಸುಮಾರು 2 ಕಿಲೋಮೀಟರ್ ಬಿಳಿ ಮರಳು, ಹಿಂದೆ ದಟ್ಟ ಕಾಡು. 2020ರಲ್ಲಿ ಸ್ವಚ್ಛತೆ, ಸುರಕ್ಷತೆಗಾಗಿ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಭಾರತದ ಎಂಟು ಕಡಲತೀರಗಳಲ್ಲಿ ಇದೂ ಒಂದು. ನಮ್ಮ ಕಾಸರಕೋಡು, ಪಡುಬಿದ್ರಿಗಳೂ ಅದೇ ಪಟ್ಟಿಯಲ್ಲಿದ್ದವು. ಇಲ್ಲಿ ಪೂರ್ವದ ದಂಡೆಯ ಸಮಾಧಾನವಿಲ್ಲ, ಅಲೆ ಏಳುತ್ತದೆ, ಬೇಗ ಆಳವಾಗುತ್ತದೆ. ಜೀವರಕ್ಷಕರು ಕಾಣುವ ಕಡೆಯೇ ನೀರಿಗಿಳಿಯಿರಿ. ಅಲೆ ಮುರಿಯದೆ ನೀರು ಕದಡಿಕೊಂಡು ಹೊರಗೆ ಹರಿಯುವ ಓಣಿ ಕಂಡರೆ ಅದು ಸೆಳೆತ. ಒಳಗೆ ಸಿಕ್ಕಿದರೆ ದಡಕ್ಕೆ ನೇರವಾಗಿ ಹೋರಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ತೀರದ ಒಂದು ತುದಿಯಲ್ಲಿ ನೀಲ್ಸ್ ಕೋವ್ ಎಂಬ ಸುಂದರ ಕೊಲ್ಲಿಯಿದೆ. ಅಲ್ಲಿ ನೋಡಿ ಬನ್ನಿ, ನೀರಿಗೆ ಇಳಿಯಲೇಬೇಡಿ. 2010ರಲ್ಲಿ ಅಲ್ಲಿ ಸ್ನಾರ್ಕೆಲಿಂಗ್ (ಉಸಿರುಕೊಳವೆ ಕಚ್ಚಿಕೊಂಡು ಈಜುವುದು) ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರನ್ನು ಉಪ್ಪುನೀರಿನ ಮೊಸಳೆ ಕೊಂದಿತು. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ತೊರೆ ಸೇರುವ ಜಾಗ, ಎಚ್ಚರಿಕೆಯ ಫಲಕ, ಇವು ಕಂಡಲ್ಲೆಲ್ಲ ಇದೇ ನಿಯಮ. ಇಷ್ಟು ಹೇಳಿದ ಮೇಲೂ "ನಾಲ್ಕೇ ಹೆಜ್ಜೆ" ಎನ್ನುವವರಿದ್ದಾರೆ, ಅವರ ಕೈ ಹಿಡಿದು ಎಳೆದುಕೊಂಡು ಬನ್ನಿ. ಮರಳುವಾಗ ಕಾಡಿನ ರಸ್ತೆ ಕತ್ತಲು, ಸ್ಕೂಟರಾದರೆ ದೀಪ ಮತ್ತು ಬ್ರೇಕು ಬಾಡಿಗೆಗೆ ತೆಗೆದುಕೊಳ್ಳುವಾಗಲೇ ಪರೀಕ್ಷಿಸಿಕೊಳ್ಳಿ.

ಇನ್ನೊಂದು ದಿನ ಎಲಿಫೆಂಟ್ ಬೀಚ್. ಜೆಟ್ಟಿಯಿಂದ ದೋಣಿಯಲ್ಲಿ ಹೋಗಬಹುದು. ರಾಧಾನಗರದ ರಸ್ತೆಯಿಂದ ಕವಲೊಡೆಯುವ ಕಾಡಿನ ಕಾಲುದಾರಿಯಲ್ಲಿ ನಡೆದೂ ಹೋಗಬಹುದು. ಕಾಲುದಾರಿ ತೆರೆದಿದೆಯೇ ಎಂದು ಬೆಳಿಗ್ಗೆಯೇ ವಿಚಾರಿಸಿ, ಜೊತೆಗೆ ಸ್ಥಳೀಯರೊಬ್ಬರನ್ನು ಕರೆದುಕೊಳ್ಳಿ. ಇಲ್ಲಿಯೂ ಗಡಿಯಾರ ಕಡಲಿನದೇ: ದಾರಿಯ ಕೊನೆ ತಗ್ಗು, ಇಳಿತದಲ್ಲಿ ಸಲೀಸು, ಉಬ್ಬರದಲ್ಲಿ ಮಂಡಿ ಮುಳುಗುವ ಕೆಸರು. ಆನೆಯ ಹೆಸರು ಬಂದದ್ದು ಮರದ ದಿಮ್ಮಿ ಎಳೆಯಲು ತಂದ ಆನೆಗಳಿಂದ. ಅವುಗಳನ್ನು ಒಂದು ದ್ವೀಪದಿಂದ ಇನ್ನೊಂದಕ್ಕೆ ಈಜಿಸಿಕೊಂಡು ಹೋಗುತ್ತಿದ್ದರು. 2002ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದ ಮೇಲೆ ಆ ಕೆಲಸ ಬಹುಮಟ್ಟಿಗೆ ನಿಂತಿತು. ಆ ಪೀಳಿಗೆಯ ರಾಜನ್ ಎಂಬ ಆನೆ ಈ ದ್ವೀಪದಲ್ಲೇ ಉಳಿದು ಸಮುದ್ರದಲ್ಲಿ ಈಜುತ್ತಿತ್ತು, 2016ರಲ್ಲಿ ತೀರಿಕೊಂಡಿತು. ತೀರದಲ್ಲಿ ಬುಡಮೇಲಾಗಿ ಬಿದ್ದ ದೊಡ್ಡ ಮರಗಳು 2004ರ ಸುನಾಮಿಯ ಗುರುತು ಎನ್ನುತ್ತಾರೆ. ಆ ಮರಗಳನ್ನು ನೋಡುವಾಗ ಇದನ್ನೂ ಮನಸ್ಸಿನಲ್ಲಿಡಿ: ನೆಲ ಜೋರಾಗಿ ನಡುಗಿದರೆ, ಅಥವಾ ಹೊತ್ತಲ್ಲದ ಹೊತ್ತಿನಲ್ಲಿ ಸಮುದ್ರ ಸರ್ರನೆ ಹಿಂದೆ ಸರಿದರೆ, ಸಾಮಾನು ಬಿಟ್ಟು ಎತ್ತರದ ಕಡೆಗೆ ಓಡಬೇಕು. ಉಬ್ಬರವಿಳಿತದ ಹೊತ್ತು ತಿಳಿದಿದ್ದವರಿಗೆ ಹೊತ್ತಲ್ಲದ ಇಳಿತ ಬೇಗ ಗೊತ್ತಾಗುತ್ತದೆ.

ಡೈವಿಂಗ್ ಮಾಡುವ ಆಸೆಯಿದ್ದರೆ ಎರಡನೇ ದಿನವೇ ಮುಗಿಸಿ. ಆಳಕ್ಕೆ ಇಳಿದು ಬಂದ ಮೇಲೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. 18ರಿಂದ 24 ಗಂಟೆ ಕಳೆಯದೆ ವಿಮಾನ ಹತ್ತಬಾರದು. ನೆಗಡಿ, ಕಿವಿನೋವು ಇದ್ದರೆ ಇಳಿಯಬೇಡಿ, ಅಸ್ತಮಾ, ಹೃದಯದ ತೊಂದರೆ ಇದ್ದರೆ ಮುಚ್ಚಿಡದೆ ಹೇಳಿ.

ಕತ್ತಲೆಯ ಮಾತಿಗೆ ಬರುತ್ತೇನೆ. ದಶಮಿಯ ರಾತ್ರಿ ಏಳೂವರೆಯ ಹೊತ್ತಿಗೆ, ದೀಪಗಳನ್ನೆಲ್ಲ ಆರಿಸಿ, ಇಬ್ಬರು ಕೂರುವ ಕಯಾಕಿನಲ್ಲಿ ಕಾಂಡ್ಲಾ ಕಾಡಿನ ಬದಿಗೆ ಹೋದೆವು. ಮಾರ್ಗದರ್ಶಿ ಜೊತೆಗಿದ್ದ, ಲೈಫ್ ಜಾಕೆಟ್ ಬಿಗಿದಿತ್ತು. ಇವೆರಡೂ ಇಲ್ಲದೆ ಹೋಗಬಾರದು, ಇಲ್ಲಿಯೂ ದೋಣಿಯಿಂದ ನೀರಿಗೆ ಇಳಿಯಬಾರದು. ಹುಟ್ಟು ನೀರಿಗೆ ತಾಗಿದ ಕಡೆ ತಿಳಿನೀಲಿ ಕಿಡಿ. ಕೈ ಅದ್ದಿದೆ. ಐದೂ ಬೆರಳ ಅಂಚಿಗೆ ಬೆಳಕಿನ ಗೆರೆ, ಕೈ ಎತ್ತಿದರೆ ಮಣಿಕಟ್ಟಿನಿಂದ ಬೆಳಕಿನ ಹನಿಗಳು ಉರುಳಿ ಬಿದ್ದು ನೀರಿನಲ್ಲಿ ಮತ್ತೊಮ್ಮೆ ಹೊತ್ತಿ ಆರಿದವು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರು ಕಲಕಿದಾಗ ಹೊರಸೂಸುವ ಬೆಳಕು ಅದು. ದೋಣಿಯ ಕೆಳಗೆ ಒಂದು ಮೀನು ಹೆದರಿ ಓಡಿತು. ಮೀನು ಕಾಣಲಿಲ್ಲ, ಅದರ ದಾರಿ ಮಾತ್ರ ಕಂಡಿತು. ಹುಣ್ಣಿಮೆಯ ಬೆಳಕಿನಲ್ಲಿ ಇದು ಮಸುಕಾಗುತ್ತದೆ, ಅದಕ್ಕಾಗಿಯೇ ನಾನು ಕೃಷ್ಣಪಕ್ಷ ಎಂದದ್ದು. ಹೋಗುವ ಅರ್ಧ ಗಂಟೆ ಮೊದಲಿನಿಂದ ಮೊಬೈಲ್ ನೋಡಬೇಡಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು. ಕಯಾಕ್ ಬೇಡವೆಂದರೆ ಕಾಟೇಜಿನ ಮುಂದಿನ ನೀರಿನ ಅಂಚಿನಲ್ಲೇ ಕಾಲಾಡಿಸಿ ನೋಡಿ, ಕೆಲವು ರಾತ್ರಿ ಅಲ್ಲೂ ಕಿಡಿ ಸಿಗುತ್ತದೆ.

ಚೀಲಕ್ಕೆ ಹೆಚ್ಚು ಬೇಕಿಲ್ಲ. ತೆಳು ಉದ್ದ ತೋಳಿನ ಅಂಗಿ, ಟಾರ್ಚು, ನೀರಿನ ಬಾಟಲಿ, ಕೊಬ್ಬರಿ ಎಣ್ಣೆ, ಬಟ್ಟೆ ಒಣಗಿಸಲು ಹಗ್ಗ. ಎಟಿಎಂ ಕಡಿಮೆ, ಕೆಲವೊಮ್ಮೆ ಹಣವಿರುವುದಿಲ್ಲ; ನಗದು ಇಟ್ಟುಕೊಳ್ಳಿ. ಚೆನ್ನೈನಿಂದ ಸಮುದ್ರದಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದೆ, ಆದರೂ ಟಿಕೆಟ್‌ಗಳನ್ನು ಮುದ್ರಿಸಿಕೊಂಡು ಹೋಗುವುದು ಕ್ಷೇಮ.

ಹೊರಡುವ ಹಿಂದಿನ ರಾತ್ರಿ ಎಲ್ಲರ ಚೀಲವನ್ನೂ, ಮುಖ್ಯವಾಗಿ ಮಕ್ಕಳ ಜೇಬನ್ನೂ, ತೆಗೆದು ನೋಡಿ. ಹವಳದ ಚೂರು, ಅದು ಸತ್ತದ್ದೇ ಆಗಿರಲಿ, ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆಯಾಗುತ್ತದೆ. ಚಿಪ್ಪುಗಳನ್ನೂ ಅಲ್ಲೇ ಬಿಡಿ. ನಮ್ಮ ಕೊನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ಬಿದಿರಿನ ನೆಲದ ಮೇಲೆ ಟಕ್, ಟಕ್ ಎಂಬ ಸದ್ದು ಕೇಳಿಸಿತು. ಟಾರ್ಚು ಹಾಕಿದರೆ ಅಕ್ಕನ ಮಗಳು ಸಂಜೆ ಆಯ್ದು ತಂದು ಚಪ್ಪಲಿಯ ಪಕ್ಕ ಇಟ್ಟಿದ್ದ ಕಂದು ಚಿಪ್ಪು ಬಾಗಿಲ ಕಡೆಗೆ ನಡೆಯುತ್ತಿತ್ತು. ಒಳಗೊಂದು ಸನ್ಯಾಸಿ ಏಡಿ. ಅದಕ್ಕೆ ತನ್ನದೇ ಚಿಪ್ಪಿಲ್ಲ, ಬೆಳೆದಂತೆಲ್ಲ ಬೇರೆ ಜೀವಿ ಬಿಟ್ಟುಹೋದ ದೊಡ್ಡ ಚಿಪ್ಪು ಹುಡುಕಿಕೊಳ್ಳಬೇಕು ಎಂದು ಅವಳಿಗೆ ಹೇಳಿದೆ. ಅವಳು ಮಾತಾಡಲಿಲ್ಲ. ಚೀಲದಿಂದ ಇನ್ನೂ ಆರು ಖಾಲಿ ಚಿಪ್ಪುಗಳನ್ನು ತೆಗೆದಳು. ಇಬ್ಬರೂ ಮೆಟ್ಟಿಲಿಳಿದು, ಉಬ್ಬರದ ಗೆರೆಯ ಮೇಲ್ಗಡೆ ಏಡಿಯನ್ನು ಬಿಟ್ಟು, ಆರು ಚಿಪ್ಪುಗಳನ್ನು ಅದರ ಸುತ್ತ ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಇಟ್ಟು ಬಂದೆವು. ಬೆಳಿಗ್ಗೆ ಐದೂವರೆಗೆ, ಹಡಗಿಗೆ ಹೊರಡುವ ಮೊದಲು, ಅವಳು ಓಡಿಹೋಗಿ ನೋಡಿದಳು. ನಾವಿಟ್ಟ ಆರರಲ್ಲಿ ಐದೇ ಇದ್ದವು, ಪಕ್ಕದಲ್ಲಿ ಆ ಕಂದು ಚಿಪ್ಪು ಖಾಲಿ ಬಿದ್ದಿತ್ತು.